ಲಿಮಿಟ್ ಎಂಬ ಸಾಲ ಮತ್ತು ಗೋದಾಮಿನ ಲೆಕ್ಕ

ಮಡಿಕೇರಿಯ ಓರ್ವ ಕಾಫಿ ಮತ್ತು ಕರಿಮೆಣಸಿನ ವ್ಯಾಪಾರಿ ಒಂದು ಸಂಜೆ ಅಸರ್ ನಮಾಝ್‌ನ ಬಳಿಕ ಮಸೀದಿಯ ಜಗಲಿಯಲ್ಲಿ ಕುಳಿತು ಕೇಳಿದರು: "ಉಸ್ತಾದರೇ, ನನ್ನದು ಸಾಲವಲ್ಲ, ಬರೀ ಲಿಮಿಟ್. ಬೇಕಾದಾಗ ತೆಗೆಯುತ್ತೇನೆ, ಸರಕು ಮಾರಿದಾಗ ಕಟ್ಟುತ್ತೇನೆ. ಹತ್ತು ದಿನದ ಹಣಕ್ಕೆ ಹತ್ತು ದಿನದ ಬಡ್ಡಿ. ದೊಡ್ಡ ದೊಡ್ಡ ಕಂಪೆನಿಗಳೇ ಹೀಗೆ ನಡೆಯುತ್ತಿರುವಾಗ ನನ್ನದೇನು ಮಹಾ?"

ಅಂದು ನಾನು ಕೊಟ್ಟದ್ದು ಅರ್ಧ ಉತ್ತರ. ಬಡ್ಡಿ ಹರಾಮ್ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಇದು ಬಡ್ಡಿಯೇ ಹೌದೋ ಅಲ್ಲವೋ ಎಂಬುದರಲ್ಲಿ ಅವರಿಗೆ ಸಂಶಯವಿತ್ತು. ಆದ್ದರಿಂದ ಮೊದಲು ಈ ಲಿಮಿಟ್ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ.

ಕೊಡಗಿನಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ ಆರಂಭವಾದರೆ ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಬೆಳೆಗಾರನಿಗೆ ಹಣ ಆಗಲೇ ಕೊಡಬೇಕು. ಆದರೆ ಕಾಫಿ ಕ್ಯೂರಿಂಗ್ ಆಗಿ, ಹಡಗು ಹತ್ತಿ, ಹಣ ಮರಳಿ ಬರಲು ತಿಂಗಳುಗಳು ಬೇಕು. ಈ ಅಂತರವನ್ನು ತುಂಬಲು ಬ್ಯಾಂಕು ಕ್ಯಾಶ್ ಕ್ರೆಡಿಟ್ ಖಾತೆ ತೆರೆಯುತ್ತದೆ. ಒಂದು ಮಿತಿ ಗೊತ್ತುಮಾಡಿ ಗೋದಾಮಿನ ಸರಕನ್ನೂ ಬರಬೇಕಾದ ಬಾಕಿಯನ್ನೂ ಅಡವು ಬರೆಸಿಕೊಳ್ಳುತ್ತದೆ. ವ್ಯಾಪಾರಿ ತಿಂಗಳಿಗೊಮ್ಮೆ ಸರಕಿನ ಪಟ್ಟಿ ಕೊಡಬೇಕು. ಅದರ ಬೆಲೆಯಲ್ಲಿ ಒಂದು ಪಾಲನ್ನು ಮಾರ್ಜಿನ್ ಎಂದು ಕಳೆದು ಉಳಿದಷ್ಟನ್ನು ಮಾತ್ರ, ಅದೂ ಮಿತಿಯೊಳಗೆ, ತೆಗೆಯಬಹುದು. ಕಟ್ಟಿದ ಹಣವನ್ನು ಮತ್ತೆ ತೆಗೆಯಬಹುದಾದ್ದರಿಂದ ಇದು ತಿರುಗುತ್ತಲೇ ಇರುವ ಸಾಲ. ಬಡ್ಡಿಯನ್ನು ಪ್ರತಿದಿನದ ಬಾಕಿಯ ಮೇಲೆ ಲೆಕ್ಕಹಾಕಿ ತಿಂಗಳ ಕೊನೆಗೆ ಖಾತೆಗೆ ಬರೆಯುತ್ತಾರೆ. ಅದನ್ನು ಕಟ್ಟದಿದ್ದರೆ ಬಡ್ಡಿಯೂ ಬಾಕಿಯೊಳಗೆ ಸೇರಿ ಮುಂದಿನ ತಿಂಗಳು ತಾನೂ ಬಡ್ಡಿ ಹೆರುತ್ತದೆ.

ದೊಡ್ಡ ಕಂಪೆನಿಗಳದ್ದೂ ಇದೇ ಕತೆ, ಸೊನ್ನೆಗಳು ಮಾತ್ರ ಹೆಚ್ಚು. ಬ್ಯಾಂಕುಗಳಿಂದ 150 ಕೋಟಿ ರೂ. ಅಥವಾ ಅದಕ್ಕಿಂತ ಹೆಚ್ಚಿನ ದುಡಿಯುವ ಬಂಡವಾಳದ ಮಿತಿ ಪಡೆದವರು ಪೂರ್ತಿ ಹಣವನ್ನು ಕ್ಯಾಶ್ ಕ್ರೆಡಿಟ್ ಆಗಿ ಇಟ್ಟುಕೊಳ್ಳಬಾರದೆಂದು ರಿಸರ್ವ್ ಬ್ಯಾಂಕ್ 2018ರ ಡಿಸೆಂಬರ್‌ನಲ್ಲಿ ಸೂಚಿಸಿತು. 2019ರ ಎಪ್ರಿಲ್‌ನಿಂದ ಶೇ. 40, ಜುಲೈಯಿಂದ ಶೇ. 60 ಭಾಗ ವಾಯಿದೆಯುಳ್ಳ ಸಾಲವಾಗಿರಬೇಕೆಂದು ನಿಗದಿಯಾಯಿತು. ಮರಳಿಸುವ ದಿನವೇ ಇಲ್ಲದ ಸಾಲವು ಸಾಲವೆಂಬ ನೆನಪನ್ನೇ ಅಳಿಸಿಬಿಡುತ್ತದೆ ಎಂಬುದು ಇಂತಹ ಕಟ್ಟಳೆ ಕಂಡಾಗ ನನಗೆ ತೋರುತ್ತದೆ.

ನಮ್ಮ ನೆರೆಯ ಚಿಕ್ಕಮಗಳೂರಿನಲ್ಲಿ ಬೇರೂರಿದ ಕಾಫಿ ಡೇ ಸಮೂಹವನ್ನು ನೋಡಿ. 2019ರ ಮಾರ್ಚ್ ಅಂತ್ಯಕ್ಕೆ ಅದರ ಸಾಲ ಸುಮಾರು 7,200 ಕೋಟಿ ರೂ. ಇತ್ತು. ಆ ವರ್ಷ ಜುಲೈಯಲ್ಲಿ ಸ್ಥಾಪಕ ವಿ. ಜಿ. ಸಿದ್ಧಾರ್ಥ ತೀರಿಕೊಂಡರು. ಮೈಂಡ್‌ಟ್ರೀ ಕಂಪೆನಿಯಲ್ಲಿನ ಪಾಲು ಅದಕ್ಕೆ ಮುನ್ನವೇ ಮಾರಾಟವಾಗಿತ್ತು. ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಆ ಬಳಿಕ ಮಾರಾಟವಾಗಿ ಸಾಲದ ಬಹುಭಾಗ ತೀರಿತು. ಆದರೂ ಉಳಿದ ಬಾಕಿಗಾಗಿ ಕಂಪೆನಿ ಮೂರು ತಿಂಗಳಿಗೊಮ್ಮೆ ಷೇರುಪೇಟೆಗೆ ತಪ್ಪಿದ ಕಂತಿನ ವಿವರ ಸಲ್ಲಿಸುತ್ತ ಬರಬೇಕಾಯಿತು. ಆ ನಮೂನೆಯಲ್ಲಿ ಕ್ಯಾಶ್ ಕ್ರೆಡಿಟ್‌ನಂತಹ ತಿರುಗುವ ಸಾಲಗಳ ಹೆಸರನ್ನೂ ಬರೆದಿರುತ್ತಾರೆ. ಸೆಬಿಯ 2019ರ ಸುತ್ತೋಲೆಯಂತೆ, ಇಂತಹ ಖಾತೆಯ ಬಾಕಿ ಮಿತಿಯನ್ನು ಮೀರಿ ಸತತ 30 ದಿನ ದಾಟಿದರೆ ಲೋಕಕ್ಕೆಲ್ಲ ತಿಳಿಸಬೇಕು. ಮೃತರ ಅಂತರಂಗದ ವಿಚಾರಣೆ ನಮಗೆ ಬೇಡ, ಅದು ಅಲ್ಲಾಹನಿಗೆ ಸೇರಿದ್ದು. ದೊಡ್ಡವರು ಮಾಡುತ್ತಾರೆಂಬುದು ಅಭಯವಲ್ಲ ಎಂದು ಆ ವ್ಯಾಪಾರಿಗೆ ತೋರಿಸಲು ಇಷ್ಟು ಹೇಳಿದೆ.

ಇನ್ನು ಶರೀಅತ್‌ನ ಮಾತು. ಅಜ್ಞಾನ ಕಾಲದ ಅರಬರಲ್ಲಿ ವಾಯಿದೆ ಬಂದಾಗ ಸಾಲಗಾರನ ಮುಂದೆ ಎರಡೇ ದಾರಿಗಳಿದ್ದವು: ಒಂದೋ ತೀರಿಸಬೇಕು, ಇಲ್ಲವೇ ಮೊತ್ತ ಹೆಚ್ಚಿಸಿಕೊಂಡು ಗಡುವು ಪಡೆಯಬೇಕು. ಇಂದು ನವೀಕರಣವೆಂದು ಕರೆಯುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸ ಹುಡುಕಲು ಕಷ್ಟವಾದೀತು. ಅವಧಿ ಹತ್ತು ದಿನವೋ ಹತ್ತು ವರ್ಷವೋ ಎಂಬುದರಿಂದ ವಿಧಿ ಬದಲಾಗುವುದಿಲ್ಲ. ಕಷ್ಟದಲ್ಲಿರುವವನಿಗೆ ಹೆಚ್ಚಳವಿಲ್ಲದೆ ಸಮಯ ಕೊಡಬೇಕೆಂದು ಅಲ್‌ಬಕರದ 280ನೇ ಸೂಕ್ತವು ಕಲಿಸುತ್ತದೆ.

ಹಾಗಾದರೆ ದೊಡ್ಡ ಸಾಲವೇ ನಿಷಿದ್ಧವೇ? ಅಲ್ಲ. ಹಝ್ರತ್ ಝುಬೈರ್ ಬಿನ್ ಅವ್ವಾಮ್(ರ)ರ ಚರಿತ್ರೆ ಸಹೀಹ್ ಬುಖಾರಿಯಲ್ಲಿದೆ. ಜನರು ಅವರ ಬಳಿ ಹಣವನ್ನು ಅಮಾನತ್ತಾಗಿಡಲು ಬಂದರೆ, ಅದು ಕಳೆದುಹೋದೀತೆಂಬ ಭಯದಿಂದ ಸಾಲವಾಗಿಯೇ ಪಡೆಯುತ್ತಿದ್ದರು. ಅಮಾನತ್ತು ಕಾಯುವವನ ತಪ್ಪಿಲ್ಲದೆ ನಷ್ಟವಾದರೆ ಹೊಣೆ ಮಾಲಿಕನದ್ದು, ಸಾಲವಾದರೆ ಪಡೆದವನದ್ದು. ಅವರು ತಮ್ಮ ಮೇಲೆ ಭಾರ ಎಳೆದುಕೊಂಡರೇ ಹೊರತು ಯಾರಿಗೂ ಬಡ್ಡಿ ತೆತ್ತವರಲ್ಲ. ಜಮಲ್ ಯುದ್ಧದ ದಿನ ಮಗ ಅಬ್ದುಲ್ಲಾ(ರ)ರನ್ನು ಕರೆದು ತಮ್ಮ ದೊಡ್ಡ ಚಿಂತೆ ಸಾಲದ್ದೆಂದೂ, ತೀರಿಸಲಾಗದಿದ್ದರೆ ತಮ್ಮ ಒಡೆಯನ ನೆರವು ಕೇಳಬೇಕೆಂದೂ ವಸಿಯ್ಯತ್ ಮಾಡಿದರು. ಒಡೆಯ ಯಾರೆಂದು ಮಗನಿಗೆ ಅರ್ಥವಾಗಲಿಲ್ಲ. ಕೇಳಿದಾಗ ಅಲ್ಲಾಹನೆಂದು ಉತ್ತರ ಬಂತು. ಲೆಕ್ಕ ಹಾಕಿದಾಗ ಸಾಲ 22 ಲಕ್ಷ ಇತ್ತು. 1,70,000ಕ್ಕೆ ಕೊಂಡಿದ್ದ ಗಾಬದ ಜಮೀನು 16 ಲಕ್ಷಕ್ಕೆ ಹೋಯಿತು. 4 ಲಕ್ಷ ಬರಬೇಕಿದ್ದ ಅಬ್ದುಲ್ಲಾ ಬಿನ್ ಜಅಫರ್(ರ) ಬಿಟ್ಟುಕೊಡಲು ಮುಂದಾದರೂ ಮಗ ಒಪ್ಪಲಿಲ್ಲ. ಸಾಲ ತೀರಿತು. ಸಹೋದರರು ಪಾಲು ಕೇಳಿದಾಗ, ನಾಲ್ಕು ವರ್ಷ ಹಜ್ಜ್‌ನ ಕಾಲದಲ್ಲಿ ಸಾಲಗಾರರನ್ನು ಕೂಗಿ ಕರೆದ ಬಳಿಕವೇ ವಾರಸು ಹಂಚಿದರು. ಇಂದು ಬಾಪ್ಪನ ಕಫನ್ ಮುಗಿಯುವ ಮೊದಲೇ ತೋಟದ ಗಡಿ ಅಳೆಯುವವರು ಇದನ್ನು ಓದಬೇಕು.

ಪ್ರವಾದಿವರ್ಯರು(ಸ) ನಮಾಝ್‌ನಲ್ಲಿ ಸಾಲದಿಂದ ಅಭಯ ಯಾಚಿಸುತ್ತಿದ್ದರು. ಕಾರಣ ಕೇಳಿದಾಗ, ಸಾಲಕ್ಕೆ ಬಿದ್ದವನು ಮಾತಿನಲ್ಲಿ ಸುಳ್ಳಾಡುತ್ತಾನೆ, ವಾಗ್ದಾನ ಮುರಿಯುತ್ತಾನೆ ಎಂಬರ್ಥದಲ್ಲಿ ತಿಳಿಸಿದ್ದರು. ನಾನು ಇದನ್ನು ಹೇಳಿದಾಗ ಆ ವ್ಯಾಪಾರಿ ತುಸು ಹೊತ್ತು ತಲೆತಗ್ಗಿಸಿ ಕುಳಿತರು. ಬಳಿಕ ಬಿಚ್ಚಿದರು: ಫೆಬ್ರವರಿಯ ಪಟ್ಟಿಯಲ್ಲಿ ಜನವರಿಯಲ್ಲೇ ಲಾರಿ ಹತ್ತಿದ್ದ 60 ಚೀಲ ಮೆಣಸನ್ನು ಗೋದಾಮಿನಲ್ಲಿದೆಯೆಂದು ತೋರಿಸಿದ್ದರು. ಬರೆದದ್ದು ಬಿ.ಕಾಂ. ಓದುತ್ತಿರುವ ಮಗ. "ಬಾಪ್ಪಾ, ಇದು ಇಲ್ಲವಲ್ಲ ಎಂದು ಕೇಳಿದ, ಬರಿ ಎಂದು ನಾನೇ ಗದರಿದೆ" ಎಂದರು. ಬಡ್ಡಿಗಿಂತ ಮೊದಲು ಈ ಸುಳ್ಳು ನಿಲ್ಲಬೇಕೆಂದೆ. ಬ್ಯಾಂಕು ಮುಸ್ಲಿಮರದ್ದಲ್ಲವಲ್ಲ ಎಂಬ ನೆಪ ಇಲ್ಲಿ ನಡೆಯದು. ಪ್ರವಾದಿವರ್ಯರು(ಸ) ತಮ್ಮ ಕವಚವನ್ನು ಅಡವಿಟ್ಟು ಬಾರ್ಲಿ ತಂದದ್ದು ಓರ್ವ ಯಹೂದಿಯಿಂದ.

ಬಡ್ಡಿಯಿಲ್ಲದ ದಾರಿಯೂ ಉಂಟು, ಅದೇ ಸಲಮ್. ಕೊಯ್ಲಿಗೆ ಮುಂಚೆ ಪೂರ್ತಿ ಬೆಲೆಯನ್ನು ಮಾತಾದ ಸ್ಥಳದಲ್ಲೇ ಕೊಟ್ಟು, ಸರಕಿನ ಜಾತಿ, ಗುಣ, ತೂಕ, ಒಪ್ಪಿಸುವ ದಿನ ಇವನ್ನು ಗೊತ್ತುಮಾಡಿ ಬರೆಯಬೇಕು. ಇಂಥವರ ತೋಟದ ಇಂಥ ಗಿಡಗಳ ಫಲ ಎಂದು ಕಟ್ಟಿಹಾಕಬಾರದು, ಏಕೆಂದರೆ ಆ ತೋಟ ಫಲ ಕೊಡದೆಯೂ ಹೋದೀತು. ವ್ಯಾಪಾರಿ ಇದರಲ್ಲಿ ಎರಡೂ ಕಡೆ ನಿಲ್ಲಬಹುದು: ಬೆಳೆಗಾರನಿಂದ ಕೊಳ್ಳುವವನಾಗಿ, ದೊಡ್ಡ ಖರೀದಿದಾರನಿಗೆ ಮಾರುವವನಾಗಿ. ಆದರೆ ಒಂದನ್ನು ಇನ್ನೊಂದಕ್ಕೆ ಗಂಟು ಹಾಕುವಂತಿಲ್ಲ, ಕೈಗೆ ಬಾರದ ಅದೇ ಚೀಲವನ್ನು ಮಾರುವಂತಿಲ್ಲ.

ಅವರು ಲಿಮಿಟನ್ನು ಒಂದೇ ದಿನದಲ್ಲಿ ಮುಚ್ಚಲಾರರು. ಮುಚ್ಚಿದರೆ ಬೆಳೆಗಾರರ ಬಾಕಿಯೇ ನಿಲ್ಲುತ್ತದೆ, ಅದೂ ಅನ್ಯಾಯ. ಈ ಕೊಯ್ಲಿನ ಲಾಭ ಬಂದಂತೆ ಮಿತಿಯನ್ನು ಇಳಿಸಿಕೊಳ್ಳುವುದೆಂದು ಮಾತಾಯಿತು. ಮುಂದಿನ ತಿಂಗಳು ಪಟ್ಟಿ ಬರೆಯುವ ಮೊದಲು ತಂದೆ ಮಗ ಇಬ್ಬರೂ ಗೋದಾಮಿಗೆ ಹೋಗಿ ಚೀಲ ಎಣಿಸಿದರಂತೆ. 60 ಚೀಲ ಕಡಮೆಯೇ ಬರೆದರು. ತೆಗೆಯಬಹುದಾದ ಮೊತ್ತ ಇಳಿದದ್ದರಿಂದ ಆ ವಾರ ವ್ಯಾನ್ ಮಾರಿ ಅಂತರ ತುಂಬಿಸಿದರು.