ಅನ್ನನಾಳದ ಅರ್ಬುದವೂ ಕ್ರೊಮ್ಯಾಟಿನ್ನಿನ ಮಾರ್ಪಾಟೂ

ಒಂದೇ ಜೀವಕೋಶದಿಂದ ಬೆಳೆದ ನಮ್ಮ ಶರೀರದಲ್ಲಿ ಕಣ್ಣು ಕಣ್ಣಾಗಿಯೂ ಕರುಳು ಕರುಳಾಗಿಯೂ ಇರುವುದು ಹೇಗೆ? ಈ ಪ್ರಶ್ನೆಯನ್ನು ಜೀವಶಾಸ್ತ್ರದ ಪಾಠದಲ್ಲಿ ಪ್ರತಿವರ್ಷವೂ ಯಾರಾದರೊಬ್ಬ ಬಾಲಿಕೆಯು ಕೇಳದೆ ಬಿಡಳು. ಪ್ರಶ್ನೆಯು ಚಿಕ್ಕದು, ಆದರೆ ಅದರ ಉತ್ತರವನ್ನು ಅರಸುತ್ತ ಹೊರಟ ವಿಜ್ಞಾನಿಗಳು ಅರ್ಬುದರೋಗದ, ಅಂದರೆ ಕ್ಯಾನ್ಸರಿನ, ಬಾಗಿಲಿಗೇ ಬಂದು ನಿಂತಿರುವರು. ಅನ್ನನಾಳದಲ್ಲಿ ಈ ವ್ಯಾಧಿಯು ತಲೆದೋರುವ ಬಗೆಯನ್ನು ದೃಷ್ಟಾಂತವಾಗಿಟ್ಟುಕೊಂಡು, ಆ ಉತ್ತರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಆದಷ್ಟು ತಿಳಿಯಾಗಿ ಹೇಳಲು ಯತ್ನಿಸುವೆನು.

ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ಡಿ.ಎನ್.ಎ. ಎಂಬ ಎಳೆಯುಂಟು. ವಂಶವಾಹಿಗಳು, ಎಂದರೆ ಜೀನುಗಳು, ಈ ಎಳೆಯಲ್ಲಿಯೇ ಅಕ್ಷರಗಳಂತೆ ಬರೆಯಲ್ಪಟ್ಟಿವೆ. ಒಂದು ಕೋಶದೊಳಗಿನ ಎಳೆಗಳನ್ನೆಲ್ಲ ಬಿಡಿಸಿ ಒಂದರ ಮುಂದೊಂದು ಇಟ್ಟರೆ ಸುಮಾರು 2 ಮೀಟರು ಉದ್ದವಾಗುವುದು. ಅದು ಅಡಗಿರುವ ಕೋಶಕೇಂದ್ರದ ಅಗಲವಾದರೋ ಒಂದು ಮಿಲ್ಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಸಾಮಾನ್ಯವಾಗಿ ಕಡಮೆ. ಉದ್ದವಾದ ದಾರವು ಸಿಕ್ಕಾಗದಿರಬೇಕಾದರೆ ಅದನ್ನು ಉರುಳೆಗೆ ಸುತ್ತಬೇಕೆಂಬುದನ್ನು ಹೊಲಿಗೆಯ ತರಗತಿಯಲ್ಲಿ ಕುಳಿತವರೆಲ್ಲರೂ ಬಲ್ಲರು. ಪ್ರಕೃತಿಯೂ ಹಾಗೆಯೇ ಮಾಡಿದೆ. ಹಿಸ್ಟೋನ್ ಎಂಬ ಸಸಾರಜನಕದ ಎಂಟು ತುಂಡುಗಳು ಕೂಡಿ ಒಂದು ಉರುಳೆಯಾಗುವುದು. ಎಳೆಯ 147 ಅಕ್ಷರಜೋಡಿಗಳಷ್ಟು ಭಾಗವು ಅದರ ಸುತ್ತ ಸುತ್ತಿಕೊಂಡಿರುವುದು. ಇಂತಹ ಅಸಂಖ್ಯಾತ ಉರುಳೆಗಳೂ ಎಳೆಯೂ ಸೇರಿದ ಪದಾರ್ಥವೇ ಕ್ರೊಮ್ಯಾಟಿನ್. ಅದು ಬಣ್ಣವನ್ನು ಬೇಗನೆ ಹೀರುವುದನ್ನು ಕಂಡು ಜರ್ಮನಿಯ ಪಂಡಿತನಾದ ವಾಲ್ಟರ್ ಫ್ಲೆಮಿಂಗನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಹೆಸರನ್ನಿಟ್ಟನು.

ಬಿಗಿಯಾಗಿ ಸುತ್ತಿದ ದಾರದೊಳಕ್ಕೆ ಸೂಜಿಯು ಹೋಗದು. ಹಾಗೆಯೇ ಬಿಗಿಯಾಗಿ ಸುತ್ತಿದ ಜೀನನ್ನು ಕೋಶವು ಓದಲಾರದು. ಉರುಳೆಗೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿಕೊಂಡರೆ ಸುತ್ತು ಸಡಿಲವಾಗುವುದು, ಜೀನು ಮಾತನಾಡತೊಡಗುವುದು. ಇಂತಹ ಸಂಬಂಧವಿರಬಹುದೆಂದು ವಿನ್ಸೆಂಟ್ ಆಲ್‌ಫ್ರೆಯೂ ಅವನ ಜೊತೆಗಾರರೂ 1964ರಲ್ಲಿಯೇ ಸೂಚಿಸಿದ್ದರು. ಜೀನಿನ ಆರಂಭಭಾಗದ ಎಳೆಗೇ ಮೀಥೈಲ್ ಎಂಬ ಗುಂಪು ದಟ್ಟವಾಗಿ ಅಂಟಿದರೆ ಆ ಜೀನು ಸಾಮಾನ್ಯವಾಗಿ ಮೌನವಾಗುವುದು. ಬರಹವು ಎಲ್ಲ ಕೋಶಗಳಲ್ಲಿಯೂ ಒಂದೇ. ಯಾವ ಪುಟವು ತೆರೆದಿದೆ, ಯಾವುದು ಮುಚ್ಚಿದೆ ಎಂಬುದರಲ್ಲಿಯೇ ಕಣ್ಣಿಗೂ ಕರುಳಿಗೂ ಇರುವ ಭೇದ. ಬಾಲಿಕೆಯ ಪ್ರಶ್ನೆಗೆ ಇದೇ ಉತ್ತರ.

ಇನ್ನು ಅನ್ನನಾಳಕ್ಕೆ ಬರೋಣ. ಅದರ ಒಳಪದರವು ಚಪ್ಪಟೆಯಾದ ಕೋಶಗಳಿಂದಾದುದು. ಜಠರದ ಹುಳಿರಸವು ವರ್ಷಗಟ್ಟಲೆ ಮೇಲಕ್ಕೆ ಉಕ್ಕಿ ಎದೆಯುರಿಯನ್ನುಂಟುಮಾಡುತ್ತಿದ್ದರೆ, ಕೆಲವರಲ್ಲಿ ಕೆಳಗಿನ ಭಾಗದ ಒಳಪದರವು ಮಾರ್ಪಟ್ಟು, ಕರುಳಿನಲ್ಲಿರುವಂತಹ ಲೋಳೆ ಸುರಿಸುವ ಕಂಬದಾಕಾರದ ಕೋಶಗಳು ಅಲ್ಲಿ ನೆಲಸುವುವು. ಇದಕ್ಕೆ ಬ್ಯಾರೆಟ್ ಅನ್ನನಾಳವೆಂದು ಹೆಸರು. ಲಂಡನ್ನಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟನು 1950ರಲ್ಲಿ ಇದರ ವಿಷಯವಾಗಿ ಬರೆದಾಗ, ಇದು ಅನ್ನನಾಳವೇ ಅಲ್ಲ, ಎದೆಯೊಳಕ್ಕೆ ಸೆಳೆಯಲ್ಪಟ್ಟ ಜಠರವೆಂದು ವಾದಿಸಿದನು. 1957ರಲ್ಲಿ ಆ ಅಭಿಪ್ರಾಯವನ್ನು ಬಿಟ್ಟನು. ನುರಿತ ವೈದ್ಯನ ಕಣ್ಣನ್ನೂ ವಂಚಿಸುವಷ್ಟು ಆ ಕೋಶಗಳ ವೇಷವು ಬದಲಾಗಿತ್ತೆಂಬುದನ್ನು ಗಮನಿಸಬೇಕು.

ಈ ವೇಷದ ಗುಟ್ಟು ಕ್ರೊಮ್ಯಾಟಿನ್ನಿನಲ್ಲಿದೆ. ಸಡಿಲವಾದ ಎಡೆಗಳನ್ನು ಮಾತ್ರ ಹೊಕ್ಕು ಕತ್ತರಿಸುವ ಒಂದು ಕಿಣ್ವದ ಸಹಾಯದಿಂದ, ಕೋಶದಲ್ಲಿ ತೆರೆದಿರುವ ಭಾಗಗಳ ನಕ್ಷೆಯನ್ನು ಬರೆಯುವ ವಿಧಾನವು 2013ರಲ್ಲಿ ಪ್ರಕಟವಾಯಿತು. ಇದನ್ನು ಬಳಸಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಂಶೋಧಕರು ನೋಡಿದಾಗ, ಕರುಳಿನ ಕೆಲಸಕ್ಕೆ ಸಲ್ಲುವ ಎಚ್‌ಎನ್‌ಎಫ್‌4ಎ ಮತ್ತು ಗಾಟಾ6 ಎಂಬ ಸಸಾರಜನಕಗಳು ಅಂಟುವ ಎಡೆಗಳು ಬ್ಯಾರೆಟ್ ಪದರದಲ್ಲಿಯೂ, ಅದರಿಂದ ಹುಟ್ಟುವ ಅಡಿನೊಕಾರ್ಸಿನೋಮ ಎಂಬ ಅರ್ಬುದದಲ್ಲಿಯೂ ತೆರೆದಿದ್ದವು. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರೋಗ್ಯವಾದ ಕೋಶಗಳಲ್ಲಿ ಎಚ್‌ಎನ್‌ಎಫ್‌4ಎ ಒಂದನ್ನೇ ಹುಟ್ಟಿಸಿ ನೋಡಿದರು. ಅಷ್ಟಕ್ಕೇ ಬ್ಯಾರೆಟ್ ಪದರದ ಮಾದರಿಯಲ್ಲಿ ಕ್ರೊಮ್ಯಾಟಿನ್ ತೆರೆದುಕೊಂಡಿತು. 2019ರ ಈ ಪ್ರಯೋಗವು ನನಗೆ ಬಹಳ ಅರ್ಥಗರ್ಭಿತವಾಗಿ ಕಾಣುವುದು. ಅಕ್ಷರವೊಂದೂ ಅಳಿಯದೆ ಕೋಶವು ತನ್ನ ಕುಲಧರ್ಮವನ್ನು ಮರೆಯಬಲ್ಲದು!

ತೆರೆಯಬಾರದುದು ತೆರೆದಂತೆ, ಮುಚ್ಚಬಾರದುದು ಮುಚ್ಚುವುದೂ ಉಂಟು. ಪಿ16 ಎಂಬುದು ಕೋಶವಿಭಜನೆಗೆ ಹಾಕಿದ ಕಡಿವಾಣ. ಈ ಜೀನಿನ ಆರಂಭಭಾಗವು ಮೀಥೈಲಿನಿಂದ ಮುಚ್ಚಿಹೋಗಿರುವುದನ್ನು ಬ್ಯಾರೆಟ್ ಪದರದಲ್ಲಿಯೂ ಅರ್ಬುದದಲ್ಲಿಯೂ ಅನೇಕಸಲ ಕಾಣಬಹುದು. ಬರಹವು ಸರಿಯಾಗಿಯೇ ಇದೆ; ಓದುವವರಿಲ್ಲ. ಆದರೆ ಅಕ್ಷರದೋಷವು ಈ ರೋಗದಲ್ಲಿ ಇಲ್ಲವೇ ಇಲ್ಲವೆಂದು ಯಾರೂ ತಿಳಿಯಬಾರದು. ಪಿ53 ಎಂಬ ಕಾವಲುಗಾರ ಜೀನು ಅನ್ನನಾಳದ ಅರ್ಬುದಗಳಲ್ಲಿ ಬಹುಪಾಲು ಕೆಟ್ಟಿರುವುದು.

ಚಪ್ಪಟೆ ಕೋಶಗಳಿಂದಲೇ ಹುಟ್ಟುವ ಮತ್ತೊಂದು ಜಾತಿಯ ಅರ್ಬುದವೇ ಲೋಕದಲ್ಲಿ ಹೆಚ್ಚು, ಭಾರತದಲ್ಲಿಯೂ ಹಾಗೆಯೇ. ಹೊಗೆಸೊಪ್ಪು, ಮದ್ಯ ಇವು ಅದಕ್ಕೆ ಕಾರಣಗಳು. ಹೊಗೆಸೊಪ್ಪು ಬೆರೆತ ವೀಳ್ಯವು ಅನ್ನನಾಳಕ್ಕೂ ಅಪಾಯಕರವೆಂದೂ, ಬರಿಯ ಅಡಿಕೆಯೂ ಅರ್ಬುದಕಾರಿಯೆಂದೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಮದುವೆಮನೆಯ ತಟ್ಟೆಯಲ್ಲಿ ಮೊದಲು ಕೈಗೆ ಬರುವ ವಸ್ತುವಿನ ಮಾತಿದು. ಮಲೆನಾಡಿನ ಅನೇಕ ಕುಟುಂಬಗಳ ಜೀವನವೂ ಅದರಿಂದಲೇ ನಡೆಯುವುದರಿಂದ, ಕೇಳಲು ಯಾರಿಗೂ ಹಿತವಲ್ಲ. 65 ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಸುಡುಪಾನೀಯವೂ ಬಹುಶಃ ಅರ್ಬುದಕಾರಿಯೆಂದು ಅದೇ ಸಂಸ್ಥೆಯು 2016ರಲ್ಲಿ ತಿಳಿಸಿತು. ಈ ಜಾತಿಯ ಅರ್ಬುದದಲ್ಲಿ ಕೆಎಂಟಿ2ಡಿ, ಇಪಿ300 ಮೊದಲಾದ ಜೀನುಗಳು ಕೆಟ್ಟಿರುವುದು ಚೀನಾದೇಶದ ರೋಗಿಗಳ ಪರೀಕ್ಷೆಯಿಂದ 2014ರಲ್ಲಿ ತಿಳಿದುಬಂದಿತು. ಉರುಳೆಗಳ ಮೇಲೆ ಗುರುತು ಹಾಕುವ ಕೆಲಸಗಾರರೇ ಇವು. ಹೀಗೆ ಇಲ್ಲಿ ಅಕ್ಷರದೋಷವೇ ತೆರೆ-ಮುಚ್ಚುವಿಕೆಯ ದೋಷಕ್ಕೂ ದಾರಿಮಾಡುವುದು.

ಅಂಟಿದ ಗುರುತನ್ನು ಕೀಳಬಹುದಲ್ಲವೇ ಎಂದು ಕೇಳುವಿರಿ. ಮೀಥೈಲನ್ನು ಕಡಮೆಮಾಡುವ ಅಜಸಿಟಿಡಿನ್ ಎಂಬ ಔಷಧವು ಅಸ್ಥಿಮಜ್ಜೆಯ ಕೆಲವು ವ್ಯಾಧಿಗಳಿಗೆ 2004ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಅನ್ನನಾಳದಲ್ಲಿ ಇಂತಹ ಮದ್ದುಗಳು ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಅದಕ್ಕಿಂತ ಹತ್ತಿರದ ಪ್ರಯೋಜನವು ರೋಗವನ್ನು ಮುಂಚಿತವಾಗಿ ಗುರುತಿಸುವುದರಲ್ಲಿದೆ. ನುಂಗುವುದು ಕಷ್ಟವಾದಾಗ ವೈದ್ಯರ ಬಳಿಗೆ ಹೋದರೆ ವ್ಯಾಧಿಯು ಆಗಲೇ ಬಲಿತಿರುವುದುಂಟು. ಬ್ಯಾರೆಟ್ ಪದರವಿದ್ದವರಲ್ಲಿ ವರ್ಷಕ್ಕೆ ನೂರಕ್ಕೊಬ್ಬರಿಗಿಂತಲೂ ಕಡಮೆ ಜನರಿಗೆ ಅರ್ಬುದವಾಗುವುದರಿಂದ ಭಯಪಡಬೇಕಾದುದಿಲ್ಲ. ಆದರೆ ಪದರವಿದೆಯೆಂದು ತಿಳಿದಿರಬೇಕು. ಅಮೆರಿಕದ ವೈದ್ಯರು ನೂಲಿಗೆ ಹೋಲುವ ತೆಳು ನಳಿಗೆಯ ತುದಿಗೆ ಚಿಕ್ಕ ಬುಗ್ಗೆಯನ್ನು ಕಟ್ಟಿ ರೋಗಿಗೆ ನುಂಗಿಸಿ, ಅದು ಒರಸಿ ತಂದ ಕೋಶಗಳಲ್ಲಿ ವಿಮೆಂಟಿನ್, ಸೈಕ್ಲಿನ್ ಎ1 ಎಂಬೆರಡು ಜೀನುಗಳ ಮೇಲಿನ ಮೀಥೈಲ್ ಗುರುತನ್ನು ಹುಡುಕುವ ಪರೀಕ್ಷೆಯನ್ನು 2018ರಲ್ಲಿ ಪ್ರಕಟಿಸಿದರು. ಇದಕ್ಕೆ ರೋಗಿಯನ್ನು ನಿದ್ರೆಗೊಳಿಸಬೇಕಾಗಿಲ್ಲ. ಕೆಲವು ನಿಮಿಷಗಳಲ್ಲಿ ಬುಗ್ಗೆಯು ಹೊರಗೆ ಬರುವುದು.