ಅಂಚಿನ ಬದುಕಿನ ಕಿರುತೆರೆ ಕಥನಗಳು: ವಿಮರ್ಶೆಯ ಮಾನದಂಡದ ಪ್ರಶ್ನೆ

ಕಿರುತೆರೆಯಲ್ಲಿ ಬಹುಕಾಲ ಕಾಣಿಸದಿದ್ದ ಸಮುದಾಯವೊಂದು ಧಾರಾವಾಹಿಯ ಕೇಂದ್ರಕ್ಕೆ ಬಂದಾಗ ವಿಮರ್ಶೆಯು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿಯುತ್ತದೆ: ಇದು ಮೊದಲನೆಯದು, ಇದು ಅಗತ್ಯವಾದುದು. ಈ ಮಾತುಗಳು ಕೃತಿಯನ್ನು ಸ್ವಾಗತಿಸುತ್ತವೆ, ಆದರೆ ಓದುವುದಿಲ್ಲ. ಮೆಚ್ಚುಗೆಯ ಹೆಸರಿನಲ್ಲಿ ಕೃತಿಯನ್ನು ವಿಮರ್ಶೆಯಿಂದ ಹೊರಗಿಡುವುದೂ ಒಂದು ಬಗೆಯ ಅಂಚೀಕರಣವೇ ಆಗಿದೆ.

ಅಮೆರಿಕದ ‘ರೆಸರ್ವೇಶನ್ ಡಾಗ್ಸ್’ (2021–2023) ಈ ದೃಷ್ಟಿಯಿಂದ ಗಮನಾರ್ಹ. ಸ್ಟರ್ಲಿನ್ ಹಾರ್ಜೋ ಮತ್ತು ಟೈಕಾ ವೈಟಿಟಿ ರೂಪಿಸಿದ, 28 ಕಂತುಗಳ ಈ ಹಾಸ್ಯ ಧಾರಾವಾಹಿ ಒಕ್ಲಹೋಮಾದ ನಾಲ್ವರು ಮೂಲನಿವಾಸಿ ಹದಿಹರೆಯದವರ ಕಥೆ. ಬರೆದವರೂ ನಿರ್ದೇಶಿಸಿದವರೂ ಮೂಲನಿವಾಸಿಗಳೇ. ಆದರೆ ಕೃತಿಯ ಮಹತ್ವ ಇರುವುದು ಈ ಸಂಗತಿಯಲ್ಲಿ ಮಾತ್ರವಲ್ಲ. ಅದರಿಂದ ಕಥನಕ್ರಮದಲ್ಲಾದ ಪಲ್ಲಟದಲ್ಲಿ.

ಮೊದಲನೆಯದು ಹಾಸ್ಯದ ನೆಲೆ. ಇಲ್ಲಿ ನಾಯಕನಿಗೆ ಕಾಣಿಸಿಕೊಳ್ಳುವ ಪೂರ್ವಜ ಯೋಧನ ಆತ್ಮವು 1876ರ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಕಾದಾಡಿ ಮಡಿದುದಲ್ಲ; ಓಡುವ ಕುದುರೆ ಬಿಲವೊಂದಕ್ಕೆ ಕಾಲಿಟ್ಟು ಮಗುಚಿದಾಗ ಅದರಡಿ ಸಿಕ್ಕಿ ಸತ್ತದ್ದು. ಹಾಲಿವುಡ್ ಕಟ್ಟಿದ ವೀರ ಬುಡಕಟ್ಟು ಯೋಧನ ಪ್ರತಿಮೆ ಇಲ್ಲಿ ಒಳಗಿನವರ ನಗೆಯಿಂದಲೇ ಒಡೆಯುತ್ತದೆ.

ಎರಡನೆಯದು ಮರೆಮಾಚುವ ಹಕ್ಕು. ಅನೇಕ ಸಮುದಾಯಗಳಲ್ಲಿ ಅಪಶಕುನವೆನಿಸಿದ ಗೂಬೆಯ ಕಣ್ಣುಗಳನ್ನು ತೆರೆಯ ಮೇಲೆ ಮಸುಕುಗೊಳಿಸಲಾಗಿದೆ. ಹೊರಗಿನ ನೋಡುಗನಿಗೆ ವಿವರಣೆಯ ಹಂಗಿಲ್ಲ.

ಮೂರನೆಯದು ಭಾಷೆ. ಮೂರನೆಯ ಆವೃತ್ತಿಯ ‘ಡೀರ್ ಲೇಡಿ’ ಕಂತಿನಲ್ಲಿ ವಸತಿಶಾಲೆಗೆ ಎಳೆದೊಯ್ಯಲ್ಪಟ್ಟ ಮಕ್ಕಳು ಕಯೊವಾ ಭಾಷೆಯಲ್ಲಿ ಮಾತನಾಡುತ್ತಾರೆ. ಸನ್ಯಾಸಿನಿಯರ ಇಂಗ್ಲಿಷ್ ಮಾತ್ರ ಅರ್ಥವಾಗದ ಸದ್ದಾಗಿ ಕೇಳುತ್ತದೆ. ಯಜಮಾನ ಭಾಷೆಯೇ ಇಲ್ಲಿ ‘ಅನ್ಯ’ವಾಗುತ್ತದೆ. ಆಡುನುಡಿಯ ಬಲದಿಂದ ಓದುಗನನ್ನೇ ಹೊರಗಿನವನಾಗಿಸಿದ ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಬಲ್ಲ ಕನ್ನಡ ವಿಮರ್ಶೆಗೆ ಈ ತಂತ್ರ ಅಪರಿಚಿತವೇನಲ್ಲ.

ಇದಕ್ಕೆದುರಾಗಿ ‘ದಹಾಡ್’ (2023) ಹಿಂದಿ ಧಾರಾವಾಹಿಯನ್ನು ನೋಡಬಹುದು. ಅದರ ನಾಯಕಿ ದಲಿತ ಪೊಲೀಸ್ ಅಧಿಕಾರಿ. ಆಕೆ ಹಾದುಹೋದಾಗಲೆಲ್ಲ ಸಹೋದ್ಯೋಗಿಯೊಬ್ಬ ಅಗರಬತ್ತಿ ಹಚ್ಚುತ್ತಾನೆ. ದೃಶ್ಯ ನಿಖರವಾದುದು, ಅದರ ಕಟುತ್ವ ನಿಜವಾದುದು. ಆದರೆ ಆಕೆಯ ಜಾತಿ ನೋಡುಗನಿಗೆ ಹೆಚ್ಚಾಗಿ ಎದುರಾಗುವುದು ಇತರರು ಮಾಡುವ ಅವಮಾನದ ಮೂಲಕವೇ. ಆಕೆಯ ಸಮುದಾಯದ ನಗೆ, ನೆನಪು, ನುಡಿಗಳಿಗೆ ಕಥನದಲ್ಲಿ ಅಷ್ಟು ಎಡೆಯಿಲ್ಲ.

ಅವಮಾನದ ಚಿತ್ರಣ ಅನಗತ್ಯವೆಂದು ಇದರ ಅರ್ಥವಲ್ಲ. ನೋವು ಮಾತ್ರವೇ ಒಂದು ಸಮುದಾಯದ ಗುರುತಾದಾಗ ನೋಡುಗನಿಗೆ ದೊರೆಯುವುದು ಅನುಕಂಪದ ಸುಖ, ಬದಲಾಗಬೇಕಾದ ಒತ್ತಡವಲ್ಲ. ಆದ್ದರಿಂದ ಇಂಥ ಕಥನಗಳ ವಿಮರ್ಶೆ ‘ಯಾರು ಕಾಣಿಸಿಕೊಂಡರು’ ಎಂಬಲ್ಲಿಗೆ ನಿಲ್ಲದೆ, ಯಾರು ನಗುತ್ತಾರೆ, ಏನನ್ನು ಹೇಳದೆ ಉಳಿಸುತ್ತಾರೆ, ಯಾರ ಭಾಷೆಗೆ ಅನುವಾದದ ಅಗತ್ಯ ಬೀಳುತ್ತದೆ ಎಂಬ ಪ್ರಶ್ನೆಗಳನ್ನು ಕೇಳಬೇಕಾಗಿದೆ. ಕೃತಿಯೊಂದಕ್ಕೆ ಸಲ್ಲಬಹುದಾದ ನಿಜವಾದ ಗೌರವ ರಿಯಾಯಿತಿಯಲ್ಲ, ನಿಷ್ಠುರವಾದ ಓದು.