ಅಂಗೈಯಲ್ಲಿ ಏನಿದೆ ಎಂಬ ಎಚ್ಚರ

ಸಿದ್ಧೇಶ್ವರ ಅಪ್ಪಗಳ ಪ್ರವಚನವನ್ನು ಎದುರಿಗೆ ಕುಳಿತು ಕೇಳಿದವರಿಗೆ ಒಂದು ಸಂಗತಿ ಗೊತ್ತು. ಅವರು ಮಾತಿನ ನಡುವೆ ಸುಮ್ಮನಾಗುತ್ತಿದ್ದರು. ನಸುಕಿನ ಹೊತ್ತು, ಬಯಲಿನಲ್ಲಿ ಸಾವಿರಾರು ಜನ, ಮಕ್ಕಳು ಸಹ ಸದ್ದು ಮಾಡುತ್ತಿರಲಿಲ್ಲ. ಹೇಳಿದ ಮಾತು ಆ ಬಿಡುವಿನಲ್ಲಿ ನಮ್ಮೊಳಗೆ ಇಳಿಯುತ್ತಿತ್ತು. ಮೈಮೇಲೆ ಜೇಬಿಲ್ಲದ ಬಿಳಿ ಅಂಗಿ. ಇಟ್ಟುಕೊಳ್ಳಲು ಏನೂ ಇಲ್ಲದವರಿಗೆ ಜೇಬು ಯಾಕೆ ಎಂಬುದನ್ನು ಆ ಅಂಗಿಯೇ ಹೇಳುತ್ತಿತ್ತು.

2023ರ ಜನವರಿ 2ರಂದು ಅಪ್ಪಗಳು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ದೇಹ ಬಿಟ್ಟರು. ದೇಹವನ್ನು ಅಗ್ನಿಗೆ ಕೊಡಿ, ಸ್ಮಾರಕ ಬೇಡ ಎಂದು ಮೊದಲೇ ಬರೆದಿಟ್ಟಿದ್ದರು. ಈಗ ಅವರ ದನಿ ನಮಗೆ ಸಿಗುವುದು ಯೂಟ್ಯೂಬಿನಲ್ಲಿ. ಇದು ದೊಡ್ಡ ಉಪಕಾರ, ಅದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಕೊಲ್ಹಾರದ ಸುತ್ತಲಿನ ಹೊಲಗಳಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಫೋನನ್ನು ಒಡ್ಡಿನ ಮೇಲಿಟ್ಟು ಪ್ರವಚನ ಕೇಳುವುದನ್ನು ನೋಡಿದ್ದೇನೆ. ವಿಜಯಪುರದವರೆಗೆ ಹೋಗಿಬರಲು ಬಸ್ಸಿನ ರೊಕ್ಕ, ಒಂದು ದಿನದ ಕೂಲಿ ಎರಡೂ ಬೇಕಿದ್ದವರು ಅವರು.

ಆದರೆ ಅದೇ ಪ್ರವಚನ ಅರ್ಧ ನಿಮಿಷದ ರೀಲ್ಸ್ ಆಗಿಯೂ ಬರುತ್ತದೆ. ಹಿಂದೆ ಸಂಗೀತ, ಮೇಲೆ ದೊಡ್ಡ ಅಕ್ಷರ, ನಡುವಿನ ಮೌನ ಮಾತ್ರ ಪೂರ್ತಿ ಕತ್ತರಿಸಿ ಹೋಗಿರುತ್ತದೆ. ಇಂಥವನ್ನು ಒಂದರ ಮೇಲೊಂದು ಕೇಳಿದ ರಾತ್ರಿ ಯಾವ ಮಾತು ಕೇಳಿದೆ ಎಂದು ನೆನೆದರೆ ಒಂದೂ ನೆನಪಾಗುವುದಿಲ್ಲ. ಒಂದು ಪ್ರವಚನವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ ದಿನ, ಸಂಜೆಯವರೆಗೂ ಅದು ಜೊತೆಗಿರುತ್ತದೆ. ಹಾಗಾಗಿ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇನೆ. ಇಡೀ ಪ್ರವಚನ ಹಚ್ಚುವುದು, ವೇಗ ಹೆಚ್ಚಿಸದಿರುವುದು, ಫೋನನ್ನು ಮಾಡದಲ್ಲಿ ಬೋರಲಾಗಿ ಇಟ್ಟು ಎಲ್ಲರೂ ಕೂಡಿ ಕೇಳುವುದು. ಮುಗಿದ ಮೇಲೆ ಇನ್ನೊಂದಕ್ಕೆ ಹೋಗುವುದಿಲ್ಲ.

ಈ ಕೊನೆಯದೇ ಕಷ್ಟದ್ದು. ಮೊದಲು ನಮ್ಮ ಬದುಕಿನಲ್ಲಿ ಎಲ್ಲಕ್ಕೂ ಒಂದು ಮುಕ್ತಾಯ ಇತ್ತು. ಪೇಪರಿಗೆ ಕಡೆಯ ಪುಟ, ಪುರಾಣಕ್ಕೆ ಮಂಗಳಾರತಿ. ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ಏಜಾ ರಾಸ್ಕಿನ್. ಮುಂದೆ ಅವರೇ ಅದಕ್ಕಾಗಿ ಬಹಿರಂಗವಾಗಿ ಮರುಗಿದರು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಫೋನ್, ಇಂಟರ್ನೆಟ್ಟಿನ ಗೀಳಿನ ಚಿಕಿತ್ಸೆಗೆಂದೇ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು. ಯಂತ್ರ ಮುಕ್ತಾಯ ಹಾಕುವುದಿಲ್ಲ, ನಾವೇ ಹಾಕಬೇಕು.

ಇದನ್ನು ನನಗೆ ಬಿಡಿಸಿ ತೋರಿಸಿದ್ದು ಇಷ್ಟಲಿಂಗ ಪೂಜೆ. ಬಸವಣ್ಣನವರ ಬಾಗೇವಾಡಿ ನಮಗೆ ಹತ್ತಿರ; ಅವರು ಐಕ್ಯರಾದ ಕೂಡಲಸಂಗಮ ಇದೇ ಕೃಷ್ಣಾ ಹೊಳೆಯಗುಂಟ ಆಲಮಟ್ಟಿ ದಾಟಿದರೆ ಸಿಗುತ್ತದೆ. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು, ಕಣ್ಣು ಅರೆತೆರೆದು, ದೃಷ್ಟಿ ಕದಲದಂತೆ ನೋಡುವುದನ್ನು ಈ ಭಾಗದ ಎಷ್ಟೋ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಕಲಿಸಿದ್ದಾರೆ. ಈಗ ಅದೇ ಅಂಗೈ, ಅದೇ ದೂರ, ಅದೇ ನಟ್ಟ ದೃಷ್ಟಿ ಫೋನಿಗೆ ಸಿಗುತ್ತಿದೆ. ಎರಡರ ನಡುವಿನ ಅಂತರವನ್ನು ಕುಳಿತು ಗಮನಿಸಿದೆ. ಲಿಂಗ ನನಗೆ ಹೊಸದೇನನ್ನೂ ತೋರಿಸುವುದಿಲ್ಲ. ನಿನ್ನೆ ಇದ್ದ ಹಾಗೆ ಇಂದೂ ಇರುತ್ತದೆ. ಆದ್ದರಿಂದ ಅಲ್ಲಿ ಓಡಾಡುತ್ತಿರುವುದು ನನ್ನ ಮನಸ್ಸು ಮಾತ್ರ ಎಂಬುದು ಸ್ಪಷ್ಟವಾಗಿ ಕಾಣುತ್ತದೆ: ಈಗ ಸಾಲದ ಚಿಂತೆ, ಈಗ ಯಾರದೋ ಮೇಲಿನ ಸಿಟ್ಟು, ಈಗ ಚಹದ ನೆನಪು. ಫೋನಿನ ತೆರೆ ಗಳಿಗೆಗೊಮ್ಮೆ ಬದಲಾಗುತ್ತದೆ. ಅದು ಓಡುತ್ತಿರುವಾಗ ಮನಸ್ಸೂ ಜೊತೆಗೆ ಓಡುತ್ತದೆ, ಓಡಿದ್ದು ನಮಗೆ ತಿಳಿಯುವುದೇ ಇಲ್ಲ.

ಅಂದಿನಿಂದ ಫೋನ್ ಮುಟ್ಟುವ ಮುಂಚೆ ಪೂಜೆ. ಎಬ್ಬಿಸಲು ಫೋನ್ ಬೇಡವೆಂದು ಅಲಾರಾಂ ಗಡಿಯಾರ ತಂದಿಟ್ಟೆ. ಹಗಲಲ್ಲಿ ಕೈ ತಾನಾಗಿ ಫೋನಿನ ಕಡೆ ಹೋದಾಗ ಯಾಕೆ ಎಂದು ಕೇಳಿಕೊಳ್ಳುತ್ತೇನೆ. ಇಂಡಿಯ ಪೇಟೆಯಲ್ಲಿ ಲಿಂಬೆಯ ದರ ನೋಡಬೇಕು, ಆಲಮಟ್ಟಿ ಅಣೆಕಟ್ಟಿನ ನೀರು 519.60 ಮೀಟರಿನ ಭರ್ತಿ ಗುರುತಿಗೆ ಎಷ್ಟು ಹತ್ತಿರ ಬಂತು ತಿಳಿಯಬೇಕು ಎಂದು ಉತ್ತರ ಬಂದರೆ ತೆಗೆದುಕೊಳ್ಳುತ್ತೇನೆ. ಹಿನ್ನೀರಿನ ದಂಡೆಯ ರೈತನಿಗೆ ಅದು ಕಾಯಕದ ಭಾಗ. ಉತ್ತರ ಬರದಿದ್ದರೆ ಕೈಯನ್ನು ಅಲ್ಲೇ ನಿಲ್ಲಿಸಿ, ಒಳಗೆ ಏನಿದೆ ಎಂದು ನೋಡುತ್ತೇನೆ. ಹೆಚ್ಚಿನ ಸಲ ಅಲ್ಲಿರುವುದು ಬ್ಯಾಸರ. ಕೆಲವು ಸಲ ಹೆದರಿಕೆ. ಅವೆರಡನ್ನೂ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರೆ ತಾವಾಗಿ ಕರಗುತ್ತವೆ, ಫೋನಿನಲ್ಲಿ ಮುಳುಗಿಸಿದರೆ ಮತ್ತೆ ಏಳುತ್ತವೆ.

ಮನುಷ್ಯರ ನಡುವಿನ ಎಚ್ಚರವನ್ನು ಕಲಿಸಿದವಳು ಅವ್ವ. ತಮ್ಮ ಪುಣೆಯಲ್ಲಿ ದುಡಿಯುತ್ತಾನೆ, ವಿಡಿಯೊ ಕಾಲ್ ಮಾಡುತ್ತಾನೆ. ಒಂದು ಸಂಜೆ ಮಾತು ಮುಗಿದ ಮೇಲೆ ಅವ್ವ, “ಮಾರಿ ಕಾಣತೈತಿ, ಕಣ್ಣಿಗೆ ಕಣ್ಣ ಕೂಡಂಗಿಲ್ಲ ನೋಡಪಾ” ಅಂದಳು. ಖರೆ. ನಾವು ನೋಡುವುದು ತೆರೆಯ ಮೇಲಿನ ಚಿತ್ರವನ್ನು, ಕ್ಯಾಮೆರಾ ಇರುವುದು ಅದರ ಮೇಲ್ತುದಿಯಲ್ಲಿ. ಹೀಗಾಗಿ ಆಚೆಯವರಿಗೆ ನಮ್ಮ ದೃಷ್ಟಿ ಸದಾ ಕೆಳಗಿಳಿದೇ ಕಾಣುತ್ತದೆ. ಅವ್ವ ಮಾತಾಡುವಾಗ ಮೇಲಿನ ಆ ಚುಕ್ಕಿಯನ್ನು ನೋಡು, ಬೇರೆ ಕೆಲಸ ಬಿಟ್ಟು ಒಂದು ಕಡೆ ಕುಳಿತು ಮಾತಾಡು ಎಂದು ತಮ್ಮನಿಗೆ ಹೇಳಿದೆ. ಅವನು ಹಾಗೆ ಮಾಡತೊಡಗಿದ ಮೇಲೆ ಅವ್ವ ಬೆಳೆ, ದನ, ಮೊಣಕಾಲ ನೋವು ಎಲ್ಲವನ್ನೂ ಹೇಳುತ್ತಾಳೆ. ಮೊದಲು “ಉಂಡೇನು, ಆರಾಮ ಅದಿಯೇನು” ಎಂಬಲ್ಲಿಗೆ ಮುಗಿಯುತ್ತಿತ್ತು.

ನೀರ ದಂಡೆಗೆ ಹೋದಾಗಲೂ ಫೋಟೊಕ್ಕಿಂತ ಮೊದಲು ಕಣ್ಣಿನಿಂದ ನೋಡುತ್ತೇನೆ. ಹಳೆಯ ಕೊಲ್ಹಾರ ಆ ಹಿನ್ನೀರಿನ ಕೆಳಗಿದೆ. ಅಲ್ಲಿ ಬಾಳಿದ ಹಿರಿಯರು ಏನೂ ಮಾತಾಡದೆ ನಿಂತು ನೋಡುತ್ತಾರೆ, ಅವರ ಪಕ್ಕದಲ್ಲಿ ನಿಲ್ಲುವಾಗ ಫೋನ್ ತೆಗೆಯಲು ನನಗೆ ಮನಸ್ಸಾಗುವುದಿಲ್ಲ.

ಒಬ್ಬೊಬ್ಬರೇ ಮಾಡುವುದಕ್ಕಿಂತ ಊರು ಕೂಡಿ ಮಾಡುವುದು ಹಗುರ. ಇದೇ ಕೃಷ್ಣೆ ಹರಿದು ಬರುವ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರ ಆಗಸ್ಟ್‌ನಿಂದ ಸಂಜೆ ಏಳಕ್ಕೆ ಗುಡಿಯ ಸೈರನ್ ಕೂಗುತ್ತದೆ. ಎಂಟೂವರೆಯವರೆಗೆ ಟಿವಿ, ಮೊಬೈಲ್ ಬಂದ್. ಮಕ್ಕಳು ಓದುತ್ತಾರೆ, ದೊಡ್ಡವರು ಮಾತಾಡುತ್ತಾರೆ. ಶ್ರಾವಣದಲ್ಲಿ ನಮ್ಮ ಊರುಗಳಲ್ಲಿ ಪುರಾಣ, ಪ್ರವಚನ ಹಚ್ಚುವ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ: ಪ್ರವಚನದ ಆ ಒಂದು ತಾಸು ಎಲ್ಲರೂ ಫೋನನ್ನು ಮನೆಯಲ್ಲಿಟ್ಟು ಬರಲಿ ಎಂದು ಡಂಗುರ ಸಾರಿಸಿ. ಸಾರಲು ಒಬ್ಬರಿದ್ದರೆ ಸಾಕು. ಮನೆ ಮನೆಗೆ ಹೋಗಿ ತಿಳಿಸುವ ಕೆಲಸಕ್ಕೆ ನಾನೂ ಬರುತ್ತೇನೆ.